ಮುದುಡುವ ಪೈಲ್ವಾನ

ಮಕ್ಕಳೇ, ಕುಸ್ತಿಯೆಂದರೆ ಮನುಷ್ಯರಿಗೆ ಮಾತ್ರ ಸೇರಿದ್ದು ಎಂದುಕೊಂಡಿದ್ದರೆ ಅದನ್ನು ಈಗಲೇ ಮರೆತುಬಿಡಿ. ಕಕ್ಕೆಹೊಳೆಯ ಆಚೆ ದಡದ ಕಾಡಿನಲ್ಲಿ ಪ್ರಾಣಿಗಳದ್ದೇ ಒಂದು ಗರಡಿ ಇತ್ತು. ಸುತ್ತ ಬಿದಿರಿನ ಬೇಲಿ, ನಡುವೆ ಹುತ್ತದ ನುಣುಪು ಮಣ್ಣು ಹರಡಿದ ಅಖಾಡ. ಅಲ್ಲಿನ ಉಸ್ತಾದ್ ಬೈರಜ್ಜ ಎಂಬ ಮುದಿ ಕರಡಿ. ಬೈರಜ್ಜನ ಹಲ್ಲೆಲ್ಲ ಉದುರಿದ್ದವು, ಸಿಟ್ಟು ಮಾತ್ರ ಉದುರಿರಲಿಲ್ಲ.

ಆ ಗರಡಿಗೆ ಕೆಂಚ ಎಂಬ ಚಿಪ್ಪುಹಂದಿ ಬಂದು ಸೇರಿದ. ಮೈತುಂಬ ಚಿಪ್ಪು, ಹುತ್ತ ಒಡೆಯುವ ಉಗುರು, ದಪ್ಪ ಬಾಲ. ಇವನು ಹುಟ್ಟು ಪೈಲ್ವಾನ ಎಂದು ನೋಡಿದವರೆಲ್ಲ ಹೇಳಿದರು. ಪಾಪ, ಕೆಂಚನೂ ಅದನ್ನು ನಂಬಿದ.

ಆದರೆ ಎದುರಾಳಿ ತೊಡೆ ತಟ್ಟಿದ ಸದ್ದು ಕೇಳಿದರೆ ಸಾಕು, ಕೆಂಚನ ಜೀವ ಬಾಯಿಗೆ ಬರುತ್ತಿತ್ತು. ಮೂತಿಯನ್ನು ಹೊಟ್ಟೆಗೆ ಒತ್ತಿ, ಬಾಲ ಸುತ್ತಿಕೊಂಡು, ಉಂಡೆಯಾಗಿ ಕೂತುಬಿಡುತ್ತಿದ್ದ. ಆ ಗರಡಿಯಲ್ಲಿ ಒಂದು ಕಟ್ಟಳೆ. ಯಾರಾದರೂ ಆಡದೆ ಸುಮ್ಮನೆ ಕೂತರೆ ತೀರ್ಪುಗಾರನಾದ ಮುಸುವ, ಅಂದರೆ ಕರಿಮೂತಿಯ ಕೋತಿ, ತನ್ನ ಉದ್ದ ಬಾಲ ಎತ್ತುತ್ತಿದ್ದ. ಆ ಬಾಲ ನಿಧಾನವಾಗಿ ನೆಲ ಮುಟ್ಟುವುದರೊಳಗೆ ಆಟ ಶುರುವಾಗದಿದ್ದರೆ ಸೋಲು. ಹೀಗೆ ಕೆಂಚ ಮೊದಲ ಕುಸ್ತಿಯನ್ನು ಮುಂಗುಸಿಗೆ ಸೋತ. ಮುಂದಿನದನ್ನು ಪುನುಗುಬೆಕ್ಕಿಗೆ ಸೋತ. ಕಾಡಿನವರು ಅವನ ಹೆಸರನ್ನೇ ಮರೆತು ಉಂಡೆ ಎಂದು ಕರೆಯತೊಡಗಿದರು.

ಕೊನೆಗೆ ಗರಡಿಯ ಹಿರಿಯರು ಸೇರಿ ಮಾತಾಡಿಕೊಂಡರು. ಹುಣ್ಣಿಮೆಯ ಕುಸ್ತಿಯಲ್ಲೂ ಇವನು ಸೋತರೆ ಮತ್ತೆ ಈ ಮಣ್ಣು ಮೆಟ್ಟುವಂತಿಲ್ಲ ಎಂದು ತೀರ್ಮಾನವಾಯಿತು. ಎದುರಾಳಿ ಯಾರು ಗೊತ್ತೇ? ದೊಡ್ಡಮಾರ ಎಂಬ ಉಡ. ಉಡದ ಹಿಡಿತ ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ಹಿಡಿದದ್ದನ್ನು ಬಿಟ್ಟವನನ್ನು ಅವರ ಮನೆಯಲ್ಲಿ ಊಟಕ್ಕೇ ಕೂರಿಸುತ್ತಿರಲಿಲ್ಲವಂತೆ.

ಕೆಂಚ ಅಳುತ್ತ ಬೈರಜ್ಜನ ಮುಂದೆ ನಿಂತ. ಅಖಾಡದ ಹಸಿಮಣ್ಣಿನ ವಾಸನೆ ಬಿಟ್ಟು ತಾನು ಬದುಕಲಾರೆ, ಆದರೆ ಮುದುಡುವುದನ್ನು ಬಿಡಲೂ ಆಗುತ್ತಿಲ್ಲ ಎಂದ.

"ಮುದುಡಿದರೆ ಏನೀಗ?" ಎಂದು ಬೈರಜ್ಜ ಗದರಿದ. "ನಿಮ್ಮಪ್ಪನೂ ಮುದುಡುತ್ತಿದ್ದ. ಮುದುಡಿ ಕೂತುಬಿಡುತ್ತೀಯಲ್ಲ, ಅದು ತಪ್ಪು. ನಾಳೆಯಿಂದ ಅಖಾಡ ಹದ ಮಾಡುವ ಕೆಲಸ ನಿನ್ನದು."

ಮರುದಿನದಿಂದ ಕೆಂಚನ ಪಾಡು ಕೇಳಬೇಡಿ. ಬೆಳಗಾಗೆದ್ದು ಉಗುರಿನಿಂದ ಮಣ್ಣು ಅಗೆಯಬೇಕು, ನೀರು ಚಿಮುಕಿಸಬೇಕು. ಆಮೇಲೆ ಉಂಡೆಯಾಗಿ, ಬಾಲದಿಂದ ನೆಲ ಬಡಿದು, ಬೇಲಿಯಿಂದ ಬೇಲಿಗೆ ಉರುಳಿ ಮಣ್ಣನ್ನು ಸಮ ಮಾಡಬೇಕು. ಉಳಿದವರು ಪಟ್ಟು ಕಲಿಯುವಾಗ ತನಗೆ ಈ ಶಿಕ್ಷೆಯೇ ಎಂದು ಕೆಂಚ ಒಳಗೊಳಗೇ ಗೊಣಗಿದ. ಆದರೂ ಉರುಳಿದ.

ಹುಣ್ಣಿಮೆ ಬಂತು. ಬೇಲಿಯ ಸುತ್ತ ಕಾಡೇ ನೆರೆದಿತ್ತು. ಪೈಲ್ವಾನರಿಬ್ಬರೂ ಒಂದೊಂದು ಚಿಟಿಕೆ ಮಣ್ಣನ್ನು ಒಬ್ಬರ ಭುಜಕ್ಕೆ ಒಬ್ಬರು ಹಚ್ಚಿದರು. ದೊಡ್ಡಮಾರ ತೊಡೆ ತಟ್ಟಿದ.

ಅಷ್ಟೇ. ಕೆಂಚ ಉಂಡೆಯಾದ.

ಜನ ಹೋ ಎಂದು ನಕ್ಕರು. ದೊಡ್ಡಮಾರ ಒಂದೇ ನೆಗೆತಕ್ಕೆ ಉಂಡೆಯ ಮೇಲೇರಿ, ನಾಲ್ಕೂ ಕಾಲುಗಳ ಉಗುರನ್ನು ಚಿಪ್ಪಿನ ಸಂದುಗಳಿಗೆ ಸಿಕ್ಕಿಸಿ, ಬಿಗಿಯಾಗಿ ಅಪ್ಪಿಕೊಂಡ. ಮುಸುವನ ಬಾಲ ಮೇಲೆದ್ದಿತು. ಮೆಲ್ಲಗೆ ಇಳಿಯತೊಡಗಿತು.

ಒಳಗೆ, ತನ್ನ ಹೊಟ್ಟೆಯ ಕತ್ತಲಲ್ಲಿ, ಕೆಂಚ ಕಣ್ಣು ಮುಚ್ಚಿಕೊಂಡಿದ್ದ. ಆಗ ಅವನ ಮೂಗಿಗೆ ಹಸಿಮಣ್ಣಿನ ವಾಸನೆ ಬಡಿಯಿತು. ಅವನೇ ಅಗೆದ ಮಣ್ಣು, ಅವನೇ ಹದ ಮಾಡಿದ ಮಣ್ಣು. ಕೂತುಬಿಡಬೇಡ ಎಂದ ಬೈರಜ್ಜನ ಮಾತು ನೆನಪಾಯಿತು. ಹೆದರಿಕೆ ಇನ್ನೂ ಹೋಗಿರಲಿಲ್ಲ. ಆದರೂ ಕೆಂಚ ದಿನವೂ ಬಡಿಯುವಂತೆ ಬಾಲದಿಂದ ನೆಲವನ್ನು ಬಡಿದ.

ಉಂಡೆ ಉರುಳಿತು.

ದೊಡ್ಡಮಾರ ಕೈಬಿಟ್ಟು ಪಕ್ಕಕ್ಕೆ ಹಾರಿದ್ದರೆ ಬಚಾವಾಗುತ್ತಿದ್ದ. ಆದರೆ ಅವನೆಲ್ಲಿ ಬಿಟ್ಟಾನು? ಇನ್ನಷ್ಟು ಬಿಗಿಯಾಗಿ ಹಿಡಿದ. ಮೇಲಿದ್ದವನು ಪಕ್ಕಕ್ಕೆ ಬಂದ, ಪಕ್ಕದಿಂದ ಕೆಳಗೆ ಬಂದ. ಉಂಡೆಯ ಅಡಿಯಲ್ಲಿ ಅವನ ಬೆನ್ನು ಪೂರ್ತಿ ಮಣ್ಣಿಗೆ ಅಂಟಿತು. ಬೆನ್ನು ಮಣ್ಣಿಗೆ ತಾಗಿದ ಮೇಲೆ ಇನ್ನೇನಿದೆ? ಮುಸುವ ಬಾಲವನ್ನು ಸರ್ರನೆ ಮೇಲಕ್ಕೆತ್ತಿ ಕೆಂಚ ಗೆದ್ದನೆಂದು ಸಾರಿದ.

ನಗುತ್ತಿದ್ದ ಕಾಡು ಬೇಲಿಗೆ ನುಗ್ಗಿತು. ಆಮೇಲೆ ಎದ್ದ ಕೂಗಿಗೆ ಹೊಳೆಯಾಚೆಯ ಹಕ್ಕಿಗಳೂ ಎಚ್ಚರಗೊಂಡವು. ಈ ಸಲ ಕೂಗಿದ್ದು ಉಂಡೆ ಎಂದಲ್ಲ, ಕೆಂಚ ಎಂದು. ಬೈರಜ್ಜ ಅವನನ್ನು ಹೆಗಲ ಮೇಲೆ ಹೊತ್ತು ಅಖಾಡ ಸುತ್ತಿಸಿದ. ಆ ಮುದುಕನ ಕಣ್ಣು ತುಂಬಿತ್ತು.

ಹೆಗಲು ಯಾಕೋ ಇಷ್ಟು ಭಾರ ಎಂದು ಬೈರಜ್ಜ ತಿರುಗಿ ನೋಡಿದರೆ, ದೊಡ್ಡಮಾರ ಇನ್ನೂ ಕೆಂಚನ ಬೆನ್ನಿಗೆ ನೇತಾಡುತ್ತಿದ್ದ.

ಕೆಂಚ ಮೆಲ್ಲಗೆ ಮೂತಿ ಹೊರಗೆ ಹಾಕಿ ಹೇಳಿದ: "ಮಾರಣ್ಣ, ಇನ್ನಾದರೂ ಬಿಡಪ್ಪ. ಕುಸ್ತಿ ಮುಗಿಯಿತು. ಇವತ್ತಿನ ಊಟ ನಮ್ಮ ಮನೆಯಲ್ಲೇ ಮಾಡುವಿಯಂತೆ."

ನೀತಿ: ಹೆದರಿಕೆ ಯಾರನ್ನೂ ಸೋಲಿಸುವುದಿಲ್ಲ, ಹೆದರಿ ಕೂತುಬಿಡುವುದು ಸೋಲಿಸುತ್ತದೆ.