ಆಮ್ಲಕ್ಕನ ಹೊಟ್ಟೆಕಿಚ್ಚಿನಿಂದ ನೀರು ಹುಟ್ಟಿದ್ದು

ಲೋಕ ಆಗಷ್ಟೇ ಹುಟ್ಟಿತ್ತು ಮಗಾ, ಇನ್ನೂ ಬಿಸಿ ಆರಿರಲಿಲ್ಲ. ಹಳ್ಳವಿಲ್ಲ, ಕೆರೆಯಿಲ್ಲ, ಒಂದು ತೊಟ್ಟು ನೀರೂ ಇಲ್ಲ. ಕಣ್ಣಿಗೆ ಕಾಣದಷ್ಟು ಪುಟ್ಟ ಪರಮಾಣುಗಳು ಮಾತ್ರ ಅಲೆಯುತ್ತಿದ್ದವು. ಪ್ರತಿಯೊಬ್ಬರ ಅಂಗಳದಲ್ಲೂ ಎಲೆಕ್ಟ್ರಾನುಗಳು ಗಿರಿಗಿರಿ ಸುತ್ತುತ್ತಿದ್ದವು.

ಅವರಲ್ಲಿ ನಿಯಾನಪ್ಪ ಎಂಬವನೊಬ್ಬ. ಅವನ ಹೊರ ಅಂಗಳದಲ್ಲಿ ಎಂಟು ಎಲೆಕ್ಟ್ರಾನು, ಅಂಗಳ ಭರ್ತಿ. ಅವನಿಗೆ ಯಾರ ಹಂಗೂ ಇಲ್ಲ.

ಅವನ ಪಕ್ಕದ ಮನೆಯವಳು ಆಮ್ಲಜನಕ. ಎಲ್ಲರೂ ಆಮ್ಲಕ್ಕ ಅನ್ನುತ್ತಿದ್ದರು. ಅವಳ ಹೊರ ಅಂಗಳದಲ್ಲಿ ಆರೇ ಆರು.

ಬೆಳಗೆದ್ದರೆ ಆಮ್ಲಕ್ಕ ನಿಯಾನಪ್ಪನ ಅಂಗಳ ನೋಡುವಳು. ಎಂಟು. ತನ್ನ ಅಂಗಳ ನೋಡುವಳು. ಆರು. ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುವುದು.

"ನಿಯಾನಪ್ಪಾ, ನಿನಗೆ ಅಷ್ಟು ಯಾಕೋ? ಎರಡು ಕೊಡೋ," ಎಂದಳು ಒಂದು ದಿನ.

"ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ," ಎಂದು ನಿಯಾನಪ್ಪ ಮುಖ ತಿರುಗಿಸಿಕೊಂಡ.

ಆಮ್ಲಕ್ಕನ ಕಿಚ್ಚು ಇನ್ನೂ ಹೆಚ್ಚಿತು. ಸಿಕ್ಕವರಿಂದ ಕಿತ್ತುಕೊಳ್ಳೋಣ ಎಂದು ಹೊರಟಳು.

ದಾರಿಯಲ್ಲಿ ಜಲಜನಕದ ಮನೆಯ ಅವಳಿ ಅಕ್ಕತಂಗಿಯರು ಸಿಕ್ಕರು, ದೊಡ್ಡಜಲ ಮತ್ತು ಸಣ್ಣಜಲ. ಒಬ್ಬೊಬ್ಬಳ ಹತ್ತಿರ ಇದ್ದದ್ದು ಒಂದೇ ಒಂದು ಎಲೆಕ್ಟ್ರಾನು. ಅವರಿಗೂ ಹೊಟ್ಟೆಯುರಿ. ಎದುರು ಮನೆಯ ಹೀಲಿಯಮ್ಮನ ಪುಟ್ಟ ಅಂಗಳ ಎರಡಕ್ಕೇ ತುಂಬಿತ್ತಲ್ಲ, ಅದನ್ನು ನೋಡಿ ನೋಡಿ ಕರುಬುತ್ತಿದ್ದರು.

ಆಮ್ಲಕ್ಕ ಬಂದವಳೇ ದೊಡ್ಡಜಲಳ ಎಲೆಕ್ಟ್ರಾನಿಗೆ ಕೈ ಹಾಕಿದಳು.

"ಬಿಡೇ! ನನ್ನ ಹತ್ತಿರ ಇರೋದೇ ಒಂದು!" ಎಂದು ಕಿರುಚಿದ ದೊಡ್ಡಜಲ ತನ್ನದನ್ನು ಬಿಡಲಿಲ್ಲ. ಮೇಲಾಗಿ ಆಮ್ಲಕ್ಕನದೊಂದನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

ಸಣ್ಣಜಲ ಅದನ್ನು ಕಂಡಳು. ಅಕ್ಕನಿಗೆ ಸಿಕ್ಕಿದ್ದು ನನಗೆ ಬೇಡವೇ? ಅವಳೂ ಇನ್ನೊಂದು ಪಕ್ಕದಿಂದ ಓಡಿಬಂದು ಆಮ್ಲಕ್ಕನ ಮತ್ತೊಂದು ಎಲೆಕ್ಟ್ರಾನನ್ನು ಹಿಡಿದಳು. ಆಮ್ಲಕ್ಕ ಬಿಟ್ಟಾಳೆಯೇ? ಸಣ್ಣಜಲಳದಕ್ಕೂ ಕೈ ಹಾಕಿದಳು.

ಎಳೆದರು. ಮತ್ತೂ ಎಳೆದರು. ಯಾರೂ ಬಿಡಲಿಲ್ಲ. ಆ ಜಗಳಕ್ಕೆ ಢಂ ಎಂದು ಸದ್ದಾಯಿತು, ಬಿಸಿ ಭಗ್ಗನೆ ಹೊರಟಿತು. ಮೇಲಿದ್ದ ಮಿಂಚು ಬೆಚ್ಚಿ ಕೆಳಗೆ ಬಂದಿತು.

"ಏನ್ರೇ ಇದು ರಂಪ?"

"ಇವಳು ನನ್ನದನ್ನ ಕಿತ್ತುಕೊಳ್ತಿದ್ದಾಳೆ!" ಎಂದರು ಮೂವರೂ ಒಟ್ಟಿಗೆ.

"ಕೈ ಬಿಡಬೇಡಿ. ಹಿಡಿದ ಹಾಗೇ ಹಿಡಿದುಕೊಂಡು ಎಣಿಸಿ," ಎಂದಿತು ಮಿಂಚು.

ದೊಡ್ಡಜಲ ಎಣಿಸಿದಳು. ತನ್ನದೊಂದು, ಆಮ್ಲಕ್ಕನದೊಂದು. ಎರಡು! ಸಣ್ಣಜಲ ಎಣಿಸಿದಳು. ಅವಳಿಗೂ ಎರಡು! ಆಮ್ಲಕ್ಕ ಎಣಿಸಿದಳು. ತನ್ನವು ಆರು, ಅವಳಿಯರವು ಎರಡು. ಎಂಟು!

"ಆದರೆ ಇವು ನನ್ನವು ಮಾತ್ರ ಅಲ್ಲವಲ್ಲ," ಎಂದು ಸಿಡುಕಿದಳು.

"ಹೌದು, ಒಂದೊಂದು ಜೋಡಿಯೂ ಹಿಡಿದ ಇಬ್ಬರದೂ," ಎಂದಿತು ಮಿಂಚು. " ಹಿಡಿದಿರೋ ತನಕ ಇಬ್ಬರಿಗೂ ಲೆಕ್ಕಕ್ಕೆ ಸಿಗುತ್ತವೆ. ಬಿಟ್ಟರೆ ನಿನಗೆ ಮತ್ತೆ ಆರೇ. ಅವರಿಗೆ ಒಂದೊಂದೇ."

ಆಮ್ಲಕ್ಕ ನಿಯಾನಪ್ಪನ ಕಡೆ ನೋಡಿದಳು. ಅವಳಿಯರು ಹೀಲಿಯಮ್ಮನ ಕಡೆ ನೋಡಿದರು. ಯಾರೂ ಕೈ ಬಿಡಲಿಲ್ಲ. ಹಾಗೆ ಹಿಡಿದುಕೊಂಡೇ ಮೂವರೂ ಒಂದಾಗಿ ನೀರಾದರು.

ಹೊಟ್ಟೆಕಿಚ್ಚು ಅಷ್ಟಕ್ಕೇ ಹೋಯಿತೇ? ಎಲ್ಲಿ ಹೋಗುತ್ತದೆ! ಹಂಚಿಕೊಂಡ ಎಲೆಕ್ಟ್ರಾನುಗಳನ್ನು ಆಮ್ಲಕ್ಕ ಮೆಲ್ಲಮೆಲ್ಲಗೆ ತನ್ನ ಕಡೆಗೇ ಎಳೆದುಕೊಂಡಳು. ಅವಳಿಯರ ಮೈ ಹೊರಗಡೆ ಬರಿದಾದಂತಾಯಿತು.

"ಸಣ್ಣೀ, ನೋಡೇ," ಎಂದಳು ದೊಡ್ಡಜಲ. "ಆ ಇನ್ನೊಂದು ಮನೆಯ ಆಮ್ಲಕ್ಕನ ಹತ್ತಿರ ಎಷ್ಟೊಂದು ಇದೆ!"

ಅಷ್ಟು ಹೊತ್ತಿಗೆ ಎಲ್ಲೆಲ್ಲೂ ಇಂಥ ಮೂವರ ಸಂಸಾರಗಳು ಆಗಿಬಿಟ್ಟಿದ್ದವು, ಒಂದೊಂದರಲ್ಲೂ ಒಬ್ಬ ಆಮ್ಲಕ್ಕ, ಇಬ್ಬರು ಅವಳಿಯರು. ಈ ಮನೆಯ ಅವಳಿಯರು ಆಸೆಯಿಂದ ಆ ಮನೆಯ ಆಮ್ಲಕ್ಕನ ಸೆರಗಿಗೆ ಜೋತುಬಿದ್ದರು. ಆ ಮನೆಯವರು ಇನ್ನೊಂದು ಮನೆಗೆ. ಹೀಗೆ ಕೋಟಿ ಕೋಟಿ ಸಂಸಾರಗಳು ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ, ಮೊದಲ ಹನಿ ಟಪ್ ಎಂದು ನೆಲಕ್ಕೆ ಬಿತ್ತು.

ನಿಯಾನಪ್ಪ ಮಾತ್ರ ಇವತ್ತಿಗೂ ಒಬ್ಬನೇ ಅಲೆಯುತ್ತಿದ್ದಾನೆ.

ಅವಳಿಯರ ಆ ಆಸೆ ಇನ್ನೂ ತೀರಿಲ್ಲ ಮಗಾ. ಅದಕ್ಕೇ ನೋಡು, ಕೆಸುವಿನ ಎಲೆಯ ಮೇಲೆ ಎರಡು ಹನಿ ಒಂದಕ್ಕೊಂದು ತಾಗಿದರೆ ಸಾಕು, ಚಕ್ಕನೆ ಸೇರಿ ಒಂದೇ ಹನಿಯಾಗಿಬಿಡುತ್ತವೆ.