ಸಾಬಣ್ಣ ಕಟ್ಟಿದ ರಾಟೆ

"ಗುರುಗಳೇ, ಸಿಟ್ಟನ್ನು ಬೇರುಸಹಿತ ಕಿತ್ತುಹಾಕುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ. "ಎರಡು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ. ಹೋಗುತ್ತಿಲ್ಲ."

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಕಲ್ಲುಗಣಿಯಲ್ಲಿ ಸಾಬಣ್ಣನೆಂಬ ಹಮಾಲನಿದ್ದ. ನೆಲಕ್ಕೆ ಹಾಸುವ ದೊಡ್ಡ ಚಪ್ಪಡಿಗಳನ್ನು ಗಣಿ ಯಜಮಾನನ ಸರಕು ಸಾಗಿಸುವ ಗಾಡಿಗೆ ಏರಿಸುವುದು ಅವನ ಕೆಲಸ. ಒಂದೊಂದು ಚಪ್ಪಡಿಗೆ ಆರು ಜನ ಬೇಕು. ಆ ಆರು ಜನ ಹನ್ನೆರಡು ವರ್ಷ ಒಟ್ಟಿಗೆ ಹೆಗಲು ಕೊಟ್ಟವರು.

ಒಂದು ದಿನ ಚಪ್ಪಡಿ ಕೈಜಾರಿತು. ಉಳಿದವರು ಪಕ್ಕಕ್ಕೆ ಹಾರಲಿ ಎಂದು ಮಾಳಪ್ಪ ಎಂಬವನು ಒಂದು ಗಳಿಗೆ ಹೆಚ್ಚು ಹಿಡಿದು ನಿಂತ. ಐವರು ಪಾರಾದರು. ಕಲ್ಲು ಮಾಳಪ್ಪನ ಸೊಂಟದ ಮೇಲೆ ಬಿತ್ತು.

ಮೂರು ತಿಂಗಳ ನಂತರ ಮಾಳಪ್ಪ ಕೋಲೂರಿಕೊಂಡು ಗಣಿಗೆ ಬಂದ. ಯಜಮಾನ ಅವನ ಕಾಲು ನೋಡಿದ, ಮುಖ ನೋಡಲಿಲ್ಲ. "ಕಲ್ಲು ಅಂದಮ್ಯಾಲ ಭಾರ ಇರ್ತದ. ಎತ್ತಲಿಕ್ಕಾಗದವರಿಗೆ ಇಲ್ಲೇನು ಕೆಲಸ?" ಎಂದ. ಮಾಳಪ್ಪ ತಿರುಗಿ ನಡೆದ.

ಸಾಬಣ್ಣನಿಗೆ ಅಂದು ಊಟ ಸೇರಲಿಲ್ಲ. ಎತ್ತಲಾರದವನೂ ಕೂತು ಹಿಡಿಕೆ ತಿರುಗಿಸಬಲ್ಲನಲ್ಲ ಎಂಬ ಯೋಚನೆ ಹತ್ತಿತು. ಮರುದಿನವೇ ಗುಜರಿ ಅಂಗಡಿಗೆ ಹೋದ. ತನ್ನ ಸೈಕಲ್ಲು ಕೊಟ್ಟು, ಹಳೇ ಟ್ರ್ಯಾಕ್ಟರಿನ ಎರಡು ಹಲ್ಲುಚಕ್ರ, ಒಂದು ದಪ್ಪ ಕಬ್ಬಿಣದ ಕೊಳವೆ, ಒಂದು ಸುತ್ತು ಉಕ್ಕಿನ ಹಗ್ಗ ತಂದ. ಹಿಡಿಕೆ ತಿರುಗಿಸಿ ಹಗ್ಗದಿಂದ ಕಲ್ಲೆಳೆಯುವ ರಾಟೆಯೊಂದನ್ನು ಗಾಡಿಗೆ ಕೂರಿಸಲೇ ಎಂದು ಯಜಮಾನನನ್ನು ಕೇಳಿದ. "ನಿನ್ನ ಖುಷಿ. ಬೋಲ್ಟಿನ ತೂತು ಬಿಟ್ರ ಗಾಡಿಗೆ ಗೀರು ಬೀಳಬಾರದು" ಎಂದ ಯಜಮಾನ. ಸಾಬಣ್ಣ ಮೂರು ಮೈಲಿ ನಡೆದು ಕೆಲಸಕ್ಕೆ ಬರತೊಡಗಿದ. ರಜೆಯ ದಿನಗಳಲ್ಲಿ ರಾಟೆ ಕಟ್ಟಿದ. ಗಾಡಿಯ ಕ್ಯಾಬಿನ್ನಿನ ಹಿಂದೆ ಅದನ್ನು ನಾಲ್ಕು ಬೋಲ್ಟುಗಳಿಂದ ಬಿಗಿದ. ಹಿಡಿಕೆಯನ್ನು ಕೂತವನ ಎದೆಯ ಮಟ್ಟಕ್ಕೆ ಇಟ್ಟ. ಹಿಂದುಗಡೆ ಎರಡು ಕಬ್ಬಿಣದ ಪಟ್ಟಿಗಳನ್ನು ಇಳಿಜಾರಾಗಿ ಒರಗಿಸಿದ.

ಮೊದಲ ಸಲ ಚಪ್ಪಡಿ ಅರ್ಧ ದಾರಿ ಏರಿ ಹಿಂದಕ್ಕೆ ಸರಿಯಿತು. ಹಿಡಿಕೆ ಗರಗರ ತಿರುಗಿ ಸಾಬಣ್ಣನ ಮುಂಗೈಗೆ ಬಡಿಯಿತು. ಕಲ್ಲು ಮೂರು ಹೋಳಾಯಿತು. ಯಜಮಾನ ಓಡಿಬಂದು ಕಲ್ಲಿಗಾಗಿ ಬೈದ. ಕೈ ಏನಾಯಿತೆಂದು ಕೇಳಲಿಲ್ಲ. ಸಾಬಣ್ಣ ಕೈಗೆ ಬಟ್ಟೆ ಸುತ್ತಿಕೊಂಡು, ಚಕ್ರದ ಹಲ್ಲಿಗೆ ಸಿಕ್ಕಿಕೊಳ್ಳುವ ಒಂದು ಕೊಕ್ಕೆ ಮಾಡಿ ಕೂರಿಸಿದ. ಆಮೇಲೆ ಎಷ್ಟು ಎಳೆದರೆ ಅಷ್ಟು. ಬಿಟ್ಟರೂ ಹಗ್ಗ ಹಿಂದೆ ಸರಿಯದು.

ಮಾಳಪ್ಪನನ್ನು ಕರೆತಂದು ಹಿಡಿಕೆಯ ಮುಂದೆ ಕೂರಿಸಿದರು. ಅವನು ತಿರುಗಿಸಿದ. ಕಲ್ಲು ಏರಿತು. ಮಾಳಪ್ಪ ಮಗುವಿನಂತೆ ಅತ್ತ.

ಮೂರು ದಿನ ಎಲ್ಲ ಚೆನ್ನಾಗಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಯಜಮಾನ ಗಣಿಯ ಬಾಯಲ್ಲೇ ನಿಂತಿದ್ದ. ಸಾಬಣ್ಣನ ಬೆನ್ನು ತಟ್ಟಿ, "ನಿನ್ನ ತಲೆಗೆ ಭೇಷ್ ಅನ್ನಬೇಕು. ಇನ್ನ ನೀ ಒಬ್ಬನೇ ಸಾಕು" ಎಂದ. ಉಳಿದ ಐವರಿಗೆ ಬರಬೇಡಿ ಎಂದುಬಿಟ್ಟ.

ಸಾಬಣ್ಣ ಬೆನ್ನ ಮೇಲಿನ ಕೈ ಸರಿಸಿದ. "ಮಾಳಪ್ಪ?"

"ಕುಂಟನ್ನ ಇಟ್ಕೊಂಡು ಏನ್ ಮಾಡ್ಲಿ? ನಿನಗೆ ಎರಡೂ ಕಾಲು ಗಟ್ಟಿ ಅದಾವ."

"ಯಾರ ಸೊಂಟ ಮುರಿದದ್ದಕ್ಕ ಇದನ್ನ ಕಟ್ಟಿದೆನೋ, ಅವನನ್ನೇ ಹೊರಗ ಹಾಕ್ತೀರೇನು?" ಸಾಬಣ್ಣನ ದನಿ ಇಡೀ ಗಣಿಗೆ ಕೇಳಿಸಿತು.

ಯಜಮಾನ ನಕ್ಕ. "ಸಿಟ್ಟು ಒಳ್ಳೇದಲ್ಲ ಸಾಬಣ್ಣ. ದೊಡ್ಡವರು ಹೇಳ್ಯಾರ. ಶಾಂತ ಆಗು."

ಸಾಬಣ್ಣ ಬೋಲ್ಟು ಬಿಚ್ಚುವ ಪಾನಾ ತೆಗೆದುಕೊಂಡು ಗಾಡಿ ಹತ್ತಿದ. ಮೊದಲ ಬೋಲ್ಟು ಬಿಚ್ಚಿದ. ಯಜಮಾನ ಗಾಡಿ ತನ್ನದೆಂದು ಕೂಗಿದ. "ಗಾಡಿ ನಿಮ್ಮದೇ ರೀ. ಇಟ್ಕೊಳ್ಳಿ" ಎಂದು ಸಾಬಣ್ಣ ಉಳಿದ ಮೂರನ್ನೂ ಬಿಚ್ಚಿದ. ನಾಲ್ವರು ಗೆಳೆಯರು ರಾಟೆಯನ್ನು ಹೊತ್ತು ನಡೆದರು. ಮಾಳಪ್ಪ ಕೋಲೂರುತ್ತ ಹಿಂದೆ ಬಂದ.

ಯಜಮಾನ ಪಕ್ಕದ ಗಣಿಯಿಂದ ಬೇರೆ ಹಮಾಲರನ್ನು ಕರೆಸಿದ. ಅವರು ಗಾಡಿಯ ತಳದಲ್ಲಿದ್ದ ನಾಲ್ಕು ತೂತುಗಳನ್ನು ನೋಡಿದರು. ತಾವು ಸುದ್ದಿ ಕೇಳಿದ್ದ ರಾಟೆ ಎಲ್ಲಿ ಎಂದು ವಿಚಾರಿಸಿದರು. ಬಿಚ್ಚಿದ್ದೇಕೆ ಎಂದು ತಿಳಿದ ಮೇಲೆ, ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಹೊರಟುಹೋದರು. ಚಪ್ಪಡಿಗಳು ಬಿದ್ದಲ್ಲೇ ಬಿದ್ದಿದ್ದವು. ಕೊಂಡವರು ದಿನವೂ ಬಂದು ಜಗಳವಾಡಿದರು.

ಒಂಬತ್ತನೆಯ ದಿನ ಯಜಮಾನ ಸಾಬಣ್ಣನ ಮನೆ ಬಾಗಿಲಿಗೆ ಬಂದ. "ಆಯ್ತಪ್ಪ. ಈಗಾದರೂ ಸಿಟ್ಟು ಇಳೀತೇನು?"

"ಇಳಿದಿಲ್ರೀ" ಎಂದ ಸಾಬಣ್ಣ. "ಎಲ್ಲಾರೂ ಬರ್ತಾರ. ಹಿಡಿಕಿ ಮಾಳಪ್ಪನ ಕೈಯಾಗಿರಬೇಕು. ಹಂಗಾದ್ರ ಬರ್ತೀನಿ."

ಯಜಮಾನ ಒಪ್ಪಿದ. ಒಪ್ಪದೆ ಅವನಿಗೆ ಬೇರೆ ದಾರಿ ಇರಲಿಲ್ಲ. ಆದರೆ ಅಷ್ಟರಲ್ಲಿ ಇಬ್ಬರು ಕೆಲಸ ಹುಡುಕಿಕೊಂಡು ದೂರದ ಊರಿಗೆ ಹೋಗಿಬಿಟ್ಟಿದ್ದರು. ಸಾಬಣ್ಣ ಹೋಗಿ ವಿಚಾರಿಸಿದ, ಸಿಗಲಿಲ್ಲ. ನಾಲ್ವರೇ ಮರಳಿ ಗಣಿಗೆ ಇಳಿದರು. ಮಾಳಪ್ಪ ಹಿಡಿಕೆ ಹಿಡಿದ. ಸಾಬಣ್ಣ ಮಾತ್ರ ಇದ್ದಷ್ಟು ಕಾಲವೂ ಯಜಮಾನನ ಜೊತೆ ಕೆಲಸದ ಮಾತಲ್ಲದೆ ಒಂದು ಮಾತೂ ಆಡಲಿಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಆ ಸಾಬಣ್ಣ ಸಿಟ್ಟನ್ನು ಗೆಲ್ಲಲೇ ಇಲ್ಲವಲ್ಲ, ಗುರುಗಳೇ?"

"ಅವನಿಗೆ ಸಿಟ್ಟು ಬಂದದ್ದು ಮಾಳಪ್ಪನಿಗಾಗಿ, ನಿನಗೆ ಬರುವುದು ಯಾರಿಗಾಗಿ?"

ಶಿಷ್ಯ ಎರಡು ವರ್ಷದ ತನ್ನ ಸಿಟ್ಟುಗಳನ್ನು ಬೆರಳು ಮಡಿಚಿ ಎಣಿಸಿದ; ಒಂದೊಂದೂ ತನಗಾಗಿಯೇ ಬಂದದ್ದಾಗಿತ್ತು.