ಅರಮನೆಗೆ ಬಂದ ಹೊಸ ಪದ

"ಈ ಇಂಗ್ಲಿಷ್ ಪದದ ಅರ್ಥ ಹೇಳುವ ಗಂಡು ಈ ಸಂಸ್ಥಾನದಲ್ಲಿ ಇನ್ನೂ ಹುಟ್ಟಿಲ್ಲ!" ಎಂದು ಅಣ್ಣಾಜಿರಾಯರು ತುಂಬಿದ ಸಭೆಯಲ್ಲಿ ಶಾಲು ಕೊಡವಿದರು. ಮದರಾಸಿನಲ್ಲಿ ನಾಲ್ಕು ವರ್ಷ ಓದಿ ಬಂದ ಪಂಡಿತರು. ಬಂದ ದಿನದಿಂದ ಅರಮನೆಯ ಬೆಕ್ಕಿಗೂ ಗುಡ್ ಮಾರ್ನಿಂಗ್ ಹೇಳುತ್ತಿದ್ದರು.

"ಯಾವ ಪದ ರಾಯರೇ?" ಎಂದರು ಕಣಗಲಗಿರಿಯ ದೊರೆ ಭೂಪನಾಯಕರು.

"ಡಿಫೆನೆಸ್ಟ್ರೇಟ್! ಮನುಷ್ಯರು ಮನುಷ್ಯರಿಗೇ ಮಾಡುವ ಒಂದು ಕೆಲಸ. ಮೂಲ ಲ್ಯಾಟಿನ್. ಸಭೆ ಮುಗಿಯುವುದರೊಳಗೆ ನಿಮ್ಮ ಕೆಂಪರಸಯ್ಯ ಅರ್ಥ ಹೇಳಲಿ. ಹೇಳದಿದ್ದರೆ ಅವನ ಪದವಿ ನನಗೆ!"

ದೊರೆಗೆ ಆಗ ಇಂಗ್ಲಿಷಿನ ಹುಚ್ಚು. "ಆಗಲಿ" ಎಂದುಬಿಟ್ಟರು.

ಆಸ್ಥಾನದ ಮಾತುಗಾರ ಕೆಂಪರಸಯ್ಯನಿಗೆ ಎ ಬಿ ಸಿ ಕೂಡ ಬಾರದು. ಮನೆಯಲ್ಲಿ ಹನ್ನೊಂದು ಜನ ಉಣ್ಣುವವರು. ಆದರೂ ನಗುನಗುತ್ತಾ ಎದ್ದು ನಿಂತ.

"ಇಷ್ಟೇನಾ! ಪ್ರಭು, ಅರಮನೆಗೆ ಹೊಸ ತಿಂಡಿಯೋ ಹೊಸ ಮದ್ದೋ ಬಂದರೆ ಮೊದಲು ರುಚಿ ನೋಡುವವರು ಯಾರು?"

"ತಂದವರೇ. ನಮ್ಮ ತಾತನ ಕಾಲದ ಕಟ್ಟಳೆ."

"ಹೊಸ ಪದಕ್ಕೂ ಅದೇ ಕಟ್ಟಳೆ ಇರಲಿ. ಮೊದಲು ರಾಯರನ್ನೇ ಡಿಫೆನೆಸ್ಟ್ರೇಟ್ ಮಾಡಿಬಿಡೋಣ. ಆಮೇಲೆ ಅರ್ಥ ಹೇಳುತ್ತೇನೆ."

"ಭಲೆ! ಮಾಡಿ, ಮಾಡಿ!" ಎಂದು ದೊರೆ ಚಪ್ಪಾಳೆ ತಟ್ಟಿದರು.

ನಾಲ್ವರು ಜಟ್ಟಿಗಳು ರಾಯರನ್ನು ಅನಾಮತ್ತಾಗಿ ಎತ್ತಿಕೊಂಡರು. ಹಿರಿಯ ಜಟ್ಟಿ ಕೇಳಿದ, "ಮುಂದೇನು ಮಾಡೋದು, ಬುದ್ಧಿ?"

ಮುಂದೇನೆಂದು ಕೆಂಪರಸಯ್ಯನಿಗೆ ತಾನೇ ಏನು ಗೊತ್ತು! ಅವನು ರಾಯರ ಮುಖವನ್ನೇ ನೋಡಿದ. ಅವರ ಕಣ್ಣು ತೆರೆದ ಕಿಟಕಿಗೆ ಅಂಟಿಕೊಂಡಿತ್ತು. ಸಭೆ ಇದ್ದದ್ದು ಮೂರನೆಯ ಉಪ್ಪರಿಗೆಯಲ್ಲಿ, ಕಿಟಕಿಯ ಕೆಳಗೆ ಆನೆಲಾಯದ ಲದ್ದಿಗುಂಡಿ.

"ರಾಯರ ಕಣ್ಣು ಹೋದ ಕಡೆಗೇ ನಡೀರಪ್ಪ."

ಜಟ್ಟಿಗಳು ಕಿಟಕಿಯತ್ತ ಎರಡು ಹೆಜ್ಜೆ ಇಟ್ಟರು. ರಾಯರು ಕಂಬವನ್ನು ತಬ್ಬಿಕೊಂಡರು.

"ಅಯ್ಯಯ್ಯೋ, ಬೇಡ್ರೋ! ಲ್ಯಾಟಿನ್ನಿನಲ್ಲಿ ಫೆನೆಸ್ಟ್ರಾ ಅಂದರೆ ಕಿಟಕಿ! ಡಿ ಅಂದರೆ ಅದರಿಂದ ಆಚೆ! ಕಿಟಕಿಯಿಂದ ಆಚೆ ಎಸೆಯೋದು ಕಣ್ರೋ! ಇಳಿಸ್ರೋ ನನ್ನ!"

ಕೆಂಪರಸಯ್ಯ ಕೈಮುಗಿದ. "ಕಿಟಕಿಯಿಂದ ಆಚೆ ಎಸೆಯುವುದು, ಪ್ರಭು. ಮೂಲ ಲ್ಯಾಟಿನ್."

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ದೊರೆ ನಗು ತಡೆಯಲಾರದೆ ಕೊರಳ ಮುತ್ತಿನ ಹಾರ ತೆಗೆದು ಕೆಂಪರಸಯ್ಯನಿಗೆ ಹಾಕಿದರು. "ಅಲ್ಲಯ್ಯಾ, ಅರ್ಥ ಹೇಳಿದ್ದು ರಾಯರಲ್ಲವೇ?"

"ಹೌದು ಪ್ರಭು. ಹೇಳೋದಕ್ಕೆ ಇಂಗ್ಲಿಷ್ ಬೇಕು. ಹೇಳಿಸೋದಕ್ಕೆ ನಾಲ್ಕು ಜಟ್ಟಿಗಳು ಸಾಕು!"